ಮದುವೆ ಸೀನಿಗೆ ಹಿಡಿದ ರಟ್ಟು

ಟಾಕೀಸಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದೋನಿಗೆ ಪರದೆ ಮೇಲಿನ ಕಾಮಿಡಿಗೆ ನಗು ಬರಲ್ಲ ಕಣ್ರೀ. ಈಚೆ ಕಡೆ ಕುಂತಿರೋರೇ ಸಾಕು. ನಮ್ಮ ಚನ್ನಗಿರಿ ಜನ ಒಂದು ವಾರಾನೂ ನನ್ನ ಸುಮ್ಮನೆ ಬಿಟ್ಟಿಲ್ಲ.

೧. ನೋಡಿಲ್ಲ, ಆದ್ರೂ ಬೇಡ

ಹೋದ ವರ್ಷ ಒಂದು ಸಿನಿಮಾ ಬಂತು. ಹಿಂದೂ ಹುಡುಗಿ, ಮುಸ್ಲಿಂ ಹುಡುಗ, ಕೊನೆಗೆ ಮದುವೆ. ಮೊದಲ ದಿನ ಮ್ಯಾಟ್ನಿಗೆ ಮುಂಚೆ ಗೇಟಿನ ಹತ್ರ ಗದ್ದಲ. ಹೆಗಲ ಮೇಲೆ ಶಾಲು ಹಾಕ್ಕೊಂಡಿದ್ದ ಒಬ್ಬ ಮುಖಂಡ, ಹಿಂದೆ ಇಪ್ಪತ್ತು ಜನ.

"ಮದುವೆ ಸೀನು ಕಟ್ ಮಾಡ್ರಿ. ಇಲ್ಲಾಂದ್ರೆ ಷೋ ನಡೆಯಾಕೆ ಬಿಡಲ್ಲ" ಅಂದ್ರು ಮುಖಂಡ್ರು.

"ಸಿನಿಮಾ ನೋಡಿದೀರೇನ್ರೀ?" ಅಂತ ನಾನು ಕೇಳಿದೆ.

"ಥೂ, ಅಂಥಾದ್ದನ್ನ ಯಾವನು ನೋಡ್ತಾನೆ!"

ನಂಗೆ ಸಿಟ್ಟು ಬಂದ್ರೆ ನಾಲಿಗೆ ನಿಲ್ಲಲ್ಲ. "ನೋಡ್ದೆ ವಿರೋಧ ಮಾಡಾಕೆ ಬರಲ್ಲ ರೀ. ಮೊದ್ಲು ನೋಡ್ರಿ, ಆಮೇಲೆ ಕೂಗ್ರಿ" ಅಂದೆ.

ಅಷ್ಟೊತ್ತಿಗೆ ಮಸೀದಿ ಬೀದಿಯ ಹಿರಿಯ ಸಾಹೇಬ್ರು ಹತ್ತು ಜನರನ್ನ ಕಟ್ಕೊಂಡು ಬಂದ್ರು. "ನಮ್ಮ ಹುಡುಗ ಬೇರೆಯೋರ ಹುಡುಗೀನ ಮದುವೆ ಆಗ್ತಾನಂತೆ. ಆ ಸೀನು ತೆಗೀರಿ" ಅಂದ್ರು. ಅವರೂ ನೋಡಿರ್ಲಿಲ್ಲ.

ಬಂದೋಬಸ್ತಿಗೆ ಬಂದಿದ್ದ ಪೊಲೀಸಪ್ಪ ಟೋಪಿ ತೆಗೆದು ತಲೆ ಕೆರ್ಕೊಂಡ. "ಶಾಂತಿ ಸಭೆ ಮೇಲೆ ಶಾಂತಿ ಸಭೆ ಮಾಡಿದ್ರೂ ಇವರಿಬ್ರು ಒಂದು ಮಾತಿಗೆ ಒಪ್ಪಿರ್ಲಿಲ್ಲ ರೀ. ಈ ಸಿನಿಮಾ ತೆಗೆದೋನಿಗೆ ಸನ್ಮಾನ ಮಾಡ್ಬೇಕು."

೨. ಕತ್ತಲಲ್ಲಿ ಮದುವೆ

ಈಗ ರೀಲು ಎಲ್ಲೈತೆ, ಕಟ್ ಮಾಡಾಕೆ? ಎಲ್ಲಾ ಕಂಪ್ಯೂಟರಲ್ಲಿ ಬರುತ್ತೆ. ಟಾಕೀಸಿನ ಮಾಲೀಕ್ರು ಹೆದರಿ "ಹಳೇ ಪದ್ಧತಿ ಮಾಡಪ್ಪ" ಅಂದ್ರು. ಹಿಂದೆಲ್ಲ ಮನೆಮಂದಿ ಜೊತೆ ನೋಡಾಕೆ ನಾಚಿಕೆ ಆಗೋ ಸೀನು ಬಂದ್ರೆ ನಾವು ಆಪರೇಟರ್‌ಗಳು ಲೆನ್ಸಿನ ಮುಂದೆ ರಟ್ಟು ಅಡ್ಡ ಹಿಡೀತಿದ್ವಿ. ಪರದೆ ಕತ್ತಲು, ಮಾತು ಮಾತ್ರ ಕೇಳ್ತಿತ್ತು. ಹಂಗೇ ಈ ಮದುವೆಗೂ ಹಿಡಿದೆ.

ಆ ಸೀನಿನಲ್ಲಿ ಏನಿತ್ತು ಗೊತ್ತಾ? ಇಬ್ರೂ ರಿಜಿಸ್ಟರ್ ಆಫೀಸಲ್ಲಿ ಸಹಿ ಹಾಕಿ ಟೀ ಕುಡೀತಾರೆ, ಅಷ್ಟೇ. ಆದ್ರೆ ಕತ್ತಲಲ್ಲಿ ಕುರ್ಚಿ ಎಳೆದ ಸದ್ದು, ಯಾರೋ ಅತ್ತಿದ್ದು, ಯಾರೋ ನಕ್ಕಿದ್ದು ಮಾತ್ರ ಕೇಳಿ ಜನ ಏನೇನೋ ಕಲ್ಪಿಸ್ಕೊಂಡ್ರು. ಮಾರನೇ ದಿನ ಹೌಸ್‌ಫುಲ್! ಕತ್ತಲಗೆರೆಯಿಂದ ಟೆಂಪೋ ಮಾಡ್ಕೊಂಡು ಬಂದ್ರು. "ಅಷ್ಟು ಮುಚ್ಚಬೇಕಾದ್ರೆ ಏನೋ ಐತೆ" ಅಂತ ಊರೆಲ್ಲ ಗುಸುಗುಸು.

ಮೂರನೇ ದಿನ ಶಾಲಿನ ಮುಖಂಡ್ರೇ ಓಡಿ ಬಂದ್ರು. "ಆ ರಟ್ಟು ತೆಗೀರಿ ಮಾರಾಯ್ರೆ, ಊರು ಕೆಡ್ತೈತೆ!"

ತೆಗೆದೆ. ಬಾಲ್ಕನಿಯಲ್ಲಿ ಅವರು, ಪಕ್ಕದಲ್ಲಿ ಸಾಹೇಬ್ರು. ಪರದೆ ಮೇಲೆ ಟೀ ಕುಡಿದಿದ್ದಾಯ್ತು, ಲೈಟು ಬಂತು. ಸಾಹೇಬ್ರು ಪಾಪ ಮುಖ ಸಪ್ಪೆ ಮಾಡ್ಕೊಂಡು ಕೇಳಿದ್ರು: "ಇಷ್ಟಕ್ಕೇನಾ ನಾವು ಗಂಟಲು ಹರ್ಕೊಂಡಿದ್ದು?"

೩. ಬೋರ್ಡಿಗೆ ಬೆನ್ನು

ಇಷ್ಟು ದಿನ ಊರೋರನ್ನ ನೋಡಿ ನಕ್ಕಿದ್ದೆ. ನನ್ನ ಸರದಿ ಬಂತು.

ನನ್ನ ಮಗಳು ಹೊನ್ನಾಳಿ ಆಸ್ಪತ್ರೇಲಿ ನರ್ಸು. ಅಲ್ಲೇ ಲ್ಯಾಬಲ್ಲಿರೋ ಹುಡುಗನ್ನ ಮದುವೆ ಆಗ್ತೀನಪ್ಪ ಅಂದ್ಲು. ನ್ಯಾಮತಿ ಹುಡುಗ. ಮುಸ್ಲಿಂ. ಗೇಟಲ್ಲಿ ಅಷ್ಟು ಜೋರು ಮಾತಾಡಿದೋನು ಚಪ್ಪಲಿ ಮೆಟ್ಕೊಂಡು ಆಚೆ ಹೋಗ್ಬಿಟ್ಟೆ. ಹೆದರಿಕೆ ಕಣ್ರೀ, ಸುಳ್ಳು ಯಾಕೆ ಹೇಳ್ಲಿ. ಮಗಳಿಗೆ ಯಾರಾದ್ರೂ ಏನಾದ್ರೂ ಮಾಡಿದ್ರೆ? ವಾರ ಅವಳ ಮುಖ ನೋಡ್ಲಿಲ್ಲ.

ನನ್ನ ಹೆಂಡ್ತಿ ಬಿಡ್ಲಿಲ್ಲ. "ಟಾಕೀಸಲ್ಲಿ ರಟ್ಟು ತೆಗೆದೆ ಅಂತ ಮೀಸೆ ತಿರುವಿದ್ರಲ್ಲ, ಮನೇಲಿ ಯಾಕ್ರೀ ಹಿಡ್ಕೊಂಡು ಕುಂತೀರಿ?"

ಸರಿ, ಒಪ್ಪಿದೆ. ಆದ್ರೆ ಇಂಥ ಮದುವೆಗೆ ಮುಂಚೆ ರಿಜಿಸ್ಟರ್ ಆಫೀಸಿನ ಬೋರ್ಡಲ್ಲಿ ಇಬ್ಬರ ಹೆಸರೂ ಮೂವತ್ತು ದಿನ ಅಂಟಿಸ್ತಾರೆ. ನಮ್ಮ ಕಡೆಯೋರು ಯಾರಾದ್ರೂ ಓದಿ ಗಲಾಟೆ ಎಬ್ಬಿಸಿದ್ರೆ? ರಜೆ ಹಾಕಿ ಹೊನ್ನಾಳಿಗೆ ಹೋಗಿ ಬೋರ್ಡಿಗೆ ಬೆನ್ನು ಕೊಟ್ಟು ನಿಂತೆ. ಅಭ್ಯಾಸ ಎಲ್ಲಿ ಹೋಗುತ್ತೆ!

ಆಫೀಸಿನ ಜವಾನ ಬಂದ. "ಯಜಮಾನ್ರೇ, ಬೆಳಗ್ಗಿಂದ ಒರಗಿದೀರಿ. ಮೂವತ್ತು ದಿನಾನೂ ಹಿಂಗೇ ನಿಲ್ತೀರಾ?"

"ಇಲ್ಲಪ್ಪ, ನಂಗಿರೋದು ಹನ್ನೆರಡೇ ರಜೆ."

೪. ನೋಡಿಯೇ ಹೇಳ್ತೀನಿ

ಮೂರನೇ ದಿನ ಅಲ್ಲಿಗೆ ಬಂದೋರು ಯಾರು ಹೇಳ್ರಿ? ಅದೇ ಶಾಲಿನ ಮುಖಂಡ್ರು! ಮಾವನ ಮನೆ ಜಮೀನಿನ ಪತ್ರಕ್ಕೆ ಬಂದಿದ್ರು. "ಏನ್ರೀ ಆಪರೇಟ್ರೇ, ಸ್ವಲ್ಪ ಸರೀರಿ" ಅಂತ ನನ್ನ ಭುಜ ಸರಿಸಿ ಓದಿದ್ರು.

"ಹುಡುಗಿ ನಿಮ್ಮ ಮಗಳೇನ್ರಿ?"

ಮುಚ್ಚಿ ಮುಚ್ಚಿ ಸಾಕಾಗಿತ್ತು. "ಹೌದು ರೀ, ನನ್ನ ಮಗಳು. ಹುಡುಗ ಒಳ್ಳೇನು. ನಾನೇ ನಿಂತು ಮಾಡ್ತೀನಿ" ಅಂದೆ.

ಮುಖಂಡ್ರು ಶಾಲು ಕೊಡವಿದ್ರು. "ಮದುವೆಗೆ ಬರ್ತೀನಿ. ನೋಡ್ದೆ ವಿರೋಧ ಮಾಡಾಕೆ ಬರಲ್ಲ ಅಂದೋರು ನೀವೇ ಅಲ್ವಾ?"

ಅವತ್ತಿಂದ ನಿದ್ದೆ ಇಲ್ಲ. ಮದುವೆ ದಿನ ಬಂದೇ ಬಂದ್ರು. ಜೊತೆಗೆ ಮಸೀದಿ ಬೀದಿ ಸಾಹೇಬ್ರನ್ನೂ ಕರ್ಕೊಂಡು! ಮಕ್ಕಳು ಸಹಿ ಹಾಕೋ ಹೊತ್ತಿಗೆ ಇಬ್ರೂ ಮೇಜಿನ ಮೇಲೆ ಬಗ್ಗಿ, ಪೆನ್ನು ಓಡೋದನ್ನೇ ನೋಡಿದ್ರು. ಮುಗೀತು. ಸಾಹೇಬ್ರು "ಟೀ ಎಲ್ರಿ?" ಅಂದ್ರು. ನನ್ನ ಮಗಳು ನಕ್ಕುಬಿಟ್ಲು. ನನ್ನ ಕಣ್ಣು ತುಂಬಿಬಂತು.

ಟೀ ಕುಡೀತಾ ಮುಖಂಡ್ರು "ಇಷ್ಟೇ ತಾನೆ, ಚೆನ್ನಾಗೇ ಐತೆ ಬಿಡ್ರಿ" ಅಂದು ಎರಡು ಲಾಡು ತಿಂದ್ರು.

ವಾರ ಬಿಟ್ಟು ಜಗಳೂರಿನ ಫೋಟೋದೋನು ಸಹಿ ಹಾಕೋ ಫೋಟೋ ತಂದುಕೊಟ್ಟ. ಇದ್ದಿದ್ದೇ ಒಂದು. ಅದರಲ್ಲಿ ನನ್ನ ಮಗಳೂ ಇಲ್ಲ, ಅಳಿಯನೂ ಇಲ್ಲ. ಪೂರ್ತಿ ಅಡ್ಡ ಬಗ್ಗಿರೋದು, ಮದುವೆ ಸೀನೇ ಬೇಡ ಅಂದಿದ್ದ ಆ ಎರಡು ತಲೆ!