ಸೂಪರ್‌ವೈಜರ್ ಬಾಯಾರ ಓವರ್‌ಟೈಮು

ಇಂಥವು ಎಲ್ಲ ಆಫೀಸುಗಳಲ್ಲೂ ಆಗುತ್ತವೋ, ನಾನಿದ್ದಲ್ಲಿಗೇ ಹುಡುಕಿಕೊಂಡು ಬರುತ್ತವೋ, ದೇವರೇ ಬಲ್ಲ. ಬಿ.ಎ. ಮುಗಿಸಿ, ಟೈಪಿಂಗ್ ಪಾಸಾಗಿ, ಎಪ್ಪತ್ತರ ದಶಕದಲ್ಲಿ ಖಾನಾಪುರದ ಹಂಚಿನ ಕಾರ್ಖಾನೆಯೊಂದರಲ್ಲಿ ಟೈಪಿಸ್ಟ್ ಆದೆ. ನಮ್ಮ ಕಡೆ ಮೇಡಂಗೆ ಬಾಯಾರು ಅನ್ನುತ್ತಾರೆ; ಆಫೀಸಿಗೆಲ್ಲ ನಾನು ಬಾಯಾರು. ದಿನಾ ಬೆಳಗಾವಿಯ ಟಿಳಕವಾಡಿಯಿಂದ ರೈಲಿನಲ್ಲಿ ಹೋಗಿ ಬರುವುದು.

೧. ಎರಡಕ್ಷರ

ಒಮ್ಮೆ ಪತ್ರದಲ್ಲಿ ಹತ್ತು ಸಾವಿರ ಹಂಚು ಇರಬೇಕಾದಲ್ಲಿ ಒಂದು ಲಕ್ಷ ಎಂದು ಬಿತ್ತು. ಹಾಗೆ ಹೇಳಿ ಬರೆಸಿದವರು ಮ್ಯಾನೇಜರ್ ಸಾಹೇಬರೇ. ಆದರೂ ಮರುದಿನವೇ ಸಾಹೇಬರು ಹೊಸ ನಿಯಮ ತಂದರು.

"ಇನ್ನ ಮ್ಯಾಲೆ ಟೈಪ್ ಮಾಡಿದವರ ಹೆಸರಿನ ಎರಡಕ್ಷರ ಪತ್ರದ ಕೆಳಗ ಇರಬೇಕು. ತಪ್ಪು ಯಾರದಂತ ಗೊತ್ತಾಗಬೇಕಲ್ರೀ, ಬಾಯಾರ!"

"ಹೇಳಿ ಬರೆಸಿದವರದ ತಪ್ಪಿದ್ರರೀ?"

"ಅವರು ತಪ್ಪು ಮಾಡೂದಿಲ್ಲ."

೨. ಕುಂದಾ

ಕೆಲಸ ಹೆಚ್ಚಿದ್ದಾಗ ಸಂಜೆಯ ರೈಲು ಬಿಟ್ಟು ಎರಡು ತಾಸು ಕೂರುತ್ತಿದ್ದೆ. ಆ ಓವರ್‌ಟೈಮಿನಲ್ಲೇ ತಂಗಿಯ ಕಾಲೇಜಿನ ಫೀ ಸಾಗುತ್ತಿತ್ತು. ಒಂದು ದಿನ ಸಾಹೇಬರು, "ಇವತ್ತಿನಿಂದ ನೀವು ಸೂಪರ್‌ವೈಜರ್" ಎಂದರು. ಪಗಾರ ಅಷ್ಟೇ, ಕುರ್ಚಿ ಅದೇ, ಟೈಪ್‌ರೈಟರೂ ಅದೇ. ಬಡ್ತಿ ಸಿಕ್ಕವರೇ ಬಾಯಿ ಸಿಹಿ ಮಾಡಿಸಬೇಕಲ್ಲ, ನಾನೇ ಬೆಳಗಾವಿಯಿಂದ ಕುಂದಾ ಒಯ್ದು ಹಂಚಿದೆ. ತಿಂಗಳ ಕೊನೆಗೆ ನೋಡಿದರೆ ಓವರ್‌ಟೈಮ್ ಸೊನ್ನೆ!

"ಓವರ್‌ಟೈಮ್ ಕೆಲಸಗಾರರಿಗಿ ಇರತೈತ್ರಿ. ಸೂಪರ್‌ವೈಜರಿಗಿ ಎಲ್ಲೀದು?" ಎಂದರು ಸಾಹೇಬರು. ನನ್ನ ಮುಖ ನೋಡಿ ಸಮಾಧಾನಕ್ಕೆ ಸೇರಿಸಿದರು, "ಕುಂದಾ ಮಾತ್ರ ಭಾಳ ಛಲೋ ಇತ್ತು."

೩. ನನ್ನ ಕೈಕೆಳಗಿನವರು

ಸೂಪರ್‌ವೈಜರ್ ಅಂದಮೇಲೆ ಕೈಕೆಳಗೆ ಯಾರಾದರೂ ಬೇಕು. ಆಫೀಸಿಗಿದ್ದ ಒಬ್ಬರೇ ಶಿಪಾಯಿಯನ್ನು, ಅಂದರೆ ಜವಾನರನ್ನು, ತೋರಿಸಿದರು. ನಂದಗಡದವರು, ನಮ್ಮಪ್ಪನ ವಾರಿಗೆಯವರು, ಎಲ್ಲರಿಗೂ ಮಾಮಾ.

"ಮಾಮಾ, ಇನ್ನ ಮ್ಯಾಲೆ ನೀವು ನನ್ನ ಕೈಕೆಳಗಂತ."

"ಇರಲಿ ಬಿಡವಾ. ಚಾ ಕುಡದೀ?"

ಮುಂದಿನ ತಿಂಗಳು ಮಾಮಾನನ್ನೂ ಹೆಡ್ ಶಿಪಾಯಿ ಮಾಡಿ, ಅವರ ಓವರ್‌ಟೈಮನ್ನೂ ಕತ್ತರಿಸಿದರು.

"ಯಾರಿಗಿ ಹೆಡ್ಡು ಮಾಮಾ, ನೀವೊಬ್ರ ಶಿಪಾಯಿ?"

"ನಾನೂ ಕೇಳಿದ್ನೆವಾ. ಸದ್ಯಕ್ಕ ನಿನಗ ನೀನ ಹೆಡ್ಡು ಅಂದ್ರು."

೪. ಟೈಪ್ ಮಾಡದ ಬಾಯಾರು

ತಲೆ ಕೆಟ್ಟು, ಇಬ್ಬರ ಪರವಾಗಿಯೂ ಬೆಳಗಾವಿಯ ಲೇಬರ್ ಆಫೀಸಿಗೆ ಅರ್ಜಿ ಹಾಕಿದೆ. ಅಲ್ಲಿಂದ ಕಾರ್ಖಾನೆಗೆ ಜವಾಬು ಕೇಳಿ ಪತ್ರ ಬಂತು. ಸಾಹೇಬರು ಉತ್ತರ ಬರೆಸಲು ಕರೆದದ್ದು ಯಾರನ್ನು? ನನ್ನನ್ನೇ.

"ಬರಕೋರಿ ಬಾಯಾರ. ಸದರಿ ಮಹಿಳೆಯು ಟೈಪಿಂಗ್ ಕೆಲಸವನ್ನು ಮಾಡುವುದೇ ಇಲ್ಲ. ಅವರದು ಕೇವಲ ಮೇಲ್ವಿಚಾರಣೆ."

ಹಲ್ಲು ಕಚ್ಚಿ ಮೂರು ಪ್ರತಿ ಹೊಡೆದುಕೊಟ್ಟೆ. ಅಷ್ಟರಲ್ಲಿ ನನ್ನ ರೈಲೂ ಹೋಗಿತ್ತು. ಸಾಹೇಬರು ಓದದೆ ಸಹಿ ಹಾಕಿದರು.

ವಾರ ಬಿಟ್ಟು ಲೇಬರ್ ಆಫೀಸರರೇ ಬಂದು ಪತ್ರವನ್ನು ಮೇಜಿನ ಮೇಲೆ ಹಾಸಿದರು. "ಹುದ್ದೆ ಹೆಸರು ಏನರ ಇರಲಿ, ಕಾಯ್ದೆ ನೋಡೂದು ಮಾಡೂ ಕೆಲಸಾನ. ಇವರು ಟೈಪ್ ಮಾಡೂದಿಲ್ಲೇನು?"

"ಒಂದಕ್ಷರಾನೂ ಇಲ್ರೀ," ಎಂದರು ಸಾಹೇಬರು.

ಆಫೀಸರರು ಪತ್ರದ ಕೆಳಗೆ ಬೆರಳಿಟ್ಟರು. "ಮತ್ತ ಈ ಎರಡಕ್ಷರ ಯಾರವು?"

ಸಾಹೇಬರು ಚಷ್ಮಾ ಹಾಕಿದರು, ತೆಗೆದರು, ಒರೆಸಿದರು. ಚಹಾ ತಂದ ಮಾಮಾನೇ ಹೇಳಿದರು, "ನಮ್ಮ ಬಾಯಾರವು ರೀ! ತಪ್ಪು ಯಾರದಂತ ಗೊತ್ತಾಗಲಿ ಅಂತ ಸಾಹೇಬ್ರ ಹಾಕಸ್ತಾರ."

ನಮ್ಮಿಬ್ಬರ ಓವರ್‌ಟೈಮ್ ಬಾಕಿ ಕೊಡುವ ಆರ್ಡರನ್ನೂ ಸಾಹೇಬರು ನನ್ನಿಂದಲೇ ಟೈಪ್ ಮಾಡಿಸಿದರು. ಕೊನೆಗೆ ದನಿ ಇಳಿಸಿ, "ಬಾಯಾರ, ಕೆಳಗ ಅಕ್ಷರ ಹಾಕಬ್ಯಾಡ್ರಿ" ಎಂದರು.

ಹಾಕಿದೆ.