ಹುಲ್ಲೇಮಕ್ಕಿಯ ಅಲಂಕಾರಿಕ ಹರಿವೆ

ಬಾಳ್ಳುಪೇಟೆಯಿಂದ ಹುಲ್ಲೇಮಕ್ಕಿಗೆ ರಸ್ತೆ ಇದೆ ಎಂಬುದು ದಾಖಲೆಗಳಿಂದ ದೃಢಪಟ್ಟ ಸಂಗತಿ. ನಾನು ಆ ರಸ್ತೆಯ ಮೇಲೆ ಇರಲಿಲ್ಲ, ಅಷ್ಟೆ. ಫೋನಿನ ನಕ್ಷೆ ನನ್ನನ್ನೂ ನನ್ನ ಸ್ಕೂಟರನ್ನೂ ಯಾರದೋ ಎಸ್ಟೇಟಿನ ಕಾಫಿ ಕಣದಲ್ಲಿ ತಂದು ನಿಲ್ಲಿಸಿ, ತಲುಪಿದ್ದೀರಿ ಎಂದು ಘೋಷಿಸಿತು. ಇಸ್ತಾಂಬುಲ್‌ನಲ್ಲೂ ಒಮ್ಮೆ ಹೀಗೇ ತಲುಪಿದ್ದೆ. ಅಲ್ಲಿ ಟೀ ಆದರೂ ಕೊಟ್ಟಿದ್ದರು.

ಹೆಗಲಿಗೆ ನೀರಿನ ಪೈಪಿನ ಸುರುಳಿ ಹಾಕಿಕೊಂಡ ಒಬ್ಬಾತ ಎದುರಾದ. ಹೆಸರು ತೋಟಪ್ಪ, ಹುಲ್ಲೇಮಕ್ಕಿ ಪಂಚಾಯಿತಿಯ ನೀರುಗಂಟಿ. ಲಿಂಗಮ್ಮನ ಮನೆ ಎಲ್ಲಿ ಎಂದು ಕೇಳಿದೆ.

"ಸ್ಕೂಲಲ್ಲಿ ಅಡುಗೆ ಮಾಡೋ ಲಿಂಗಮ್ಮನಾ? ಆಯಮ್ಮ ಇವತ್ತು ಮನೇಲಿ ಎಲ್ಲಿ ಸಿಗ್ತದೆ ಮಾರಾಯ್ರೆ! ಪಂಚಾಯ್ತಿ ಮುಂದೆ ಕೂತೈತೆ. ಹರಿವೆ ಸೊಪ್ಪಿನ ತೀರ್ಮಾನ ಐತೆ ಇವತ್ತು."

"ಸೊಪ್ಪಿನದೇನು ತೀರ್ಮಾನ?"

"ಕೀಳೋದೋ ಬಿಡೋದೋ ಅಂತ. ಕೀಳೋದು ಅಂತ ಮೊದಲೇ ಆಗೈತೆ. ಆದ್ರೂ ತೀರ್ಮಾನ ಅಂತ ಒಂದು ಮಾಡ್ಬೇಕಲ್ಲ?" ದಾರಿ ಹೇಳುವುದಕ್ಕಿಂತ ಕೂರುವುದೇ ಸಲೀಸೆಂದು ಅವನು ಹಿಂದಿನ ಸೀಟಿಗೆ ಹತ್ತಿದ.

ಲಿಂಗಮ್ಮನಿಗೆ ನಾನು ಸಾಲಗಾರ್ತಿ. ಏಳು ವರ್ಷದ ಹಿಂದೆ ನಮ್ಮ ರೈಲು ಘಟ್ಟದ ನಡುವಿನ ಎಡಕುಮೇರಿಯಲ್ಲಿ ನಾಲ್ಕು ಗಂಟೆ ನಿಂತಿತ್ತು. ಎದುರು ಸೀಟಿನಲ್ಲಿದ್ದ ಅವರು ತಮ್ಮ ಅಕ್ಕಿರೊಟ್ಟಿ, ಹರಿವೆ ಪಲ್ಯದಲ್ಲಿ ನನಗೆ ಅರ್ಧ ಕೊಟ್ಟರು. ನಾನು ಪಲ್ಯವನ್ನು ಹೊಗಳಿದ್ದು ಹೆಚ್ಚಾಯಿತೇನೋ, ಪುತ್ತೂರಿನ ಮಗಳಿಗೆಂದು ಒಯ್ಯುತ್ತಿದ್ದ ಬೀಜದಲ್ಲೂ ಒಂದು ಹಿಡಿ ತೆಗೆದು ಬಟ್ಟೆಯಲ್ಲಿ ಕಟ್ಟಿಕೊಟ್ಟರು. ದುಡ್ಡು ಚಾಚಿದರೆ ಕೈ ತಳ್ಳಿಬಿಟ್ಟರು. "ಬೀಜಕ್ಕೆ ದುಡ್ಡು ಈಸ್ಕೊಂಡ್ರೆ ಹುಟ್ಟಾಕಿಲ್ಲ ಕಣವ್ವ. ಬೆಳ್ಕೊಂಡು, ಒಂದು ಹಿಡಿಗೆ ಎರಡು ಹಿಡಿ ತಂದ್ಕೊಡು." ಆ ಹರಿವೆ ನನ್ನ ಜೊತೆ ಮೂರು ದೇಶದ ಬಾಲ್ಕನಿ ನೋಡಿತು. ಸಾಲ ಮಾತ್ರ ಉಳಿದಿತ್ತು. ಈಗ ಎರಡು ಹಿಡಿ ಬೀಜ ನನ್ನ ಚೀಲದಲ್ಲಿತ್ತು.

ಪಂಚಾಯಿತಿ ಕಟ್ಟಡದ ಮೆಟ್ಟಿಲಿನ ಎಡಕ್ಕೆ ಕೆಂಪು ಹರಿವೆಯ ಪಾತಿ, ಬಲಕ್ಕೆ ಅರವತ್ತು ಕ್ರೋಟನ್ ಗಿಡ. ಎಡದ ಪಾತಿಯಲ್ಲಿ ಲಿಂಗಮ್ಮ ಹನ್ನೆರಡು ವರ್ಷದಿಂದ ಶಾಲೆಯ ಮಕ್ಕಳ ಸಾರಿಗೆ ಸೊಪ್ಪು ಬೆಳೆಯುತ್ತಿದ್ದರು. ಅವರಿರುವ ಎಸ್ಟೇಟ್ ಕಾರ್ಮಿಕರ ಲೈನಿನ ಮನೆ ಮುಂದೆ ಗೇಣು ಜಾಗವೂ ಇಲ್ಲ. ಬಲದ ಕ್ರೋಟನ್ 'ಸುಂದರ ಕಚೇರಿ' ಅಭಿಯಾನದಲ್ಲಿ ಬಂದವು. ಬಂದವಕ್ಕೆ ಎಡಬದಿಯೂ ಬೇಕಾಯಿತು. ಪಿಡಿಒ ನವೀನ್‌ಕುಮಾರ್ ನ್ಯಾಯವಂತರಾದ್ದರಿಂದ ಹರಿವೆಯನ್ನು ಏಕಾಏಕಿ ಕೀಳಿಸದೆ, ಈ ಪ್ರಕಟಣೆ ಅಂಟಿಸಿದರು:

"ಕ್ರೋಟನ್ ಹಾಗೂ ಹರಿವೆ, ಇವೆರಡರ ಬೆಳವಣಿಗೆ ಮತ್ತು ಪೋಷಣೆಯನ್ನು ಅರವತ್ತು ದಿನ ತುಲನೆ ಮಾಡತಕ್ಕದ್ದು. ಪ್ರತಿ ಸೋಮವಾರ ಹನ್ನೊಂದು ಗಂಟೆಗೆ ಎತ್ತರ ಅಳೆಯತಕ್ಕದ್ದು. ಹಿಂದುಳಿದ ಗಿಡವನ್ನು ಕಿತ್ತು, ಜಾಗವನ್ನು ಮುಂದುವರಿದ ಗಿಡಕ್ಕೆ ವಹಿಸತಕ್ಕದ್ದು. ತಾರತಮ್ಯ ಕೂಡದು."

ತಾರತಮ್ಯ ಆಗಲಿಲ್ಲ. ಹಟ್ಟಿಗೊಬ್ಬರ, ನೆರಳಿನ ಹಸಿರು ಪರದೆ, ತೋಟಪ್ಪನ ಪೈಪು, ಇವೆಲ್ಲ ಅಲಂಕಾರಿಕ ಗಿಡದ ಬಾಬ್ತಿನಲ್ಲಿ ಬಂದಿದ್ದರಿಂದ ಕ್ರೋಟನ್‌ಗೆ ಹೋದವು. ಅದೇ ಬಿಸಿಲು, ಅದೇ ಮಳೆ ಪಡೆಯಲು ಹರಿವೆಗೆ ಸಮಾನ ಅನುಮತಿ ನೀಡಲಾಯಿತು.

ಸೋಮವಾರ ಶಾಲೆಯಲ್ಲಿ ಸೊಪ್ಪಿನ ಸಾರು. ಲಿಂಗಮ್ಮ ಎಂಟು ಗಂಟೆಗೇ ಕೊಯ್ಯುತ್ತಿದ್ದರು. ಹನ್ನೊಂದಕ್ಕೆ ಟೇಪು ಹಿಡಿದರೆ ಹರಿವೆ ಮೂರು ಇಂಚು. ಯಾರೂ ಮುಟ್ಟದ ಕ್ರೋಟನ್ ಒಂಬತ್ತು ಸೋಮವಾರವೂ ಮೂವತ್ತು ಇಂಚು. ವರದಿಯಲ್ಲಿ ಹೀಗೆ ಬರೆದಿತ್ತು: "ಕ್ರೋಟನ್ ಸ್ಥಿರ, ಶಿಸ್ತುಬದ್ಧ. ಹರಿವೆ ಭಾನುವಾರ ಕಂಡಷ್ಟು ಸೋಮವಾರ ಕಾಣದು, ನಂಬಲರ್ಹವಲ್ಲ."

ನಾವು ಹೋದಾಗ ಲಿಂಗಮ್ಮ ಪಾತಿಯ ಅಂಚಿನಲ್ಲಿ ಕುಡುಗೋಲು ಹಿಡಿದು ಕೂತಿದ್ದರು. ನನ್ನ ಗುರುತು ಹತ್ತಿತು. "ರೈಲಿನವ್ವ! ಎಂಥ ದಿನ ಬಂದೆ. ಬೀಜಕ್ಕೆ ಬಿಟ್ಟಿದ್ದ ಆರು ಗಿಡಾನೂ ನಿನ್ನೆ ಈ ತೋಟಪ್ಪ ಕಿತ್ತಾಕ್ಬುಟ್ಟ. ನಮ್ಮತ್ತೆ ಕಾಲದ ತಳಿ. ಪುತ್ತೂರಲ್ಲೂ ಮಗಳು ಬಿತ್ತಿದ್ದು ಹೋಯ್ತು. ಪಾತೀನೂ ಹೋದ್ರೆ ನಾನು ಮಕ್ಕಳ ಸಾರಿಗೆ ಏನು ಕೊಯ್ಲಿ?"

"ಅದು ಮುಂಗಡ ಕ್ರಮ ಕಣಮ್ಮ," ಅಂದ ತೋಟಪ್ಪ.

ನಾನು ಚೀಲಕ್ಕೆ ಕೈ ಹಾಕುವಷ್ಟರಲ್ಲಿ ಪಿಡಿಒ ಮೆಟ್ಟಿಲಿಳಿದು ಬಂದರು. ಅಂತಿಮ ಪರಿಶೀಲನೆಗೆ ಊರಿನ ಸಂಬಂಧವಿಲ್ಲದ ತಜ್ಞರು ಬೇಕಿತ್ತು. ಹಾಸನದಿಂದ ಬರಬೇಕಾದವರು ಬಂದಿರಲಿಲ್ಲ.

"ಮೇಡಂ, ನಿಮಗೆ ಈ ಊರಿನ ದಾರಿ ಗೊತ್ತಿತ್ತೆ?"

"ಇಲ್ಲ."

"ಇಲ್ಲಿ ನೆಂಟರು?"

"ಇಲ್ಲ."

"ಗಿಡಗಳ ಬಗ್ಗೆ ತಿಳಿವಳಿಕೆ?"

"ಅಷ್ಟಕ್ಕಷ್ಟೆ."

"ಮೂರೂ ಸರಿಹೋಯಿತು." ಕುರ್ಚಿ ತರಿಸಿದರು. ಲಿಂಗಮ್ಮನಿಗೆ ನಾನು ಸಾಲ ತೀರಿಸಬೇಕಿದೆ, ನಾನು ಕೂರುವುದು ಸರಿಯಲ್ಲ ಎಂದೆ. "ಸಾಲ ಮಾಡಿದವರು ಮುಖ ತಪ್ಪಿಸ್ತಾರೆ ಮೇಡಂ, ಪಕ್ಷ ವಹಿಸಲ್ಲ," ಎಂದು ಸಮಾಧಾನ ಹೇಳಿದರು.

ಕೂತವಳು ಒಂದೇ ಪ್ರಶ್ನೆ ಕೇಳಿದೆ: ಅಲಂಕಾರಿಕ ಗಿಡ ಎಂದರೆ ಏನು? ಪಿಡಿಒ ಅಭಿಯಾನದ ಕೈಪಿಡಿ ತೆರೆದು ಓದಿದರು. ಎಲೆಗೆ ಹಸಿರಲ್ಲದ ಬಣ್ಣವೂ ಇರತಕ್ಕದ್ದು. ವಾರಕ್ಕೊಮ್ಮೆಯಾದರೂ ಕತ್ತರಿಸಿ ಅಂದಗೊಳಿಸತಕ್ಕದ್ದು. ಕತ್ತರಿಸಿದ ಮೇಲೆ ಚಿಗುರತಕ್ಕದ್ದು.

"ಕ್ರೋಟನ್ ಎಷ್ಟು ಸಲ ಕತ್ತರಿಸಿದಿರಿ?"

"ಕತ್ತರಿ ಇನ್ನೂ ಮಂಜೂರಾಗಿಲ್ಲ," ಅಂದ ತೋಟಪ್ಪ.

"ಹರಿವೆ?"

"ಆಯಮ್ಮ ವಾರಕ್ಕೆ ಎರಡು ಸಲ ಕುಡುಗೋಲು ಹಾಕ್ತದೆ. ಹಾಕಿದಂಗೆಲ್ಲ ಚಿಗುರ್ತದೆ. ಅದೇ ಅದರ ಕೆಟ್ಟ ಗುಣ."

ಪಿಡಿಒ ಹರಿವೆಯ ಕೆಂಪನ್ನು ನೋಡಿದರು, ಕೈಪಿಡಿ ನೋಡಿದರು, ಹಣೆ ಒರೆಸಿಕೊಂಡರು. "ಅಂದರೆ ಎರಡು ತಿಂಗಳಿಂದ ನಾವು ಅಲಂಕಾರಿಕ ಗಿಡಕ್ಕೆ ನೀರೇ ಬಿಟ್ಟಿಲ್ಲ! ಮೇಲಿನವರು ಬಂದರೆ ಏನು ಹೇಳಲಿ? ತೋಟಪ್ಪ, ಪರದೆ ಈ ಕಡೆ ಕಟ್ಟು!"

ಗಳಿಗೆಯಲ್ಲಿ ಪರದೆ ಎಡಕ್ಕೆ ಬಂತು, ಪೈಪೂ ಬಂತು. ಕ್ರೋಟನ್ ಏನಾಗಬೇಕೆಂಬ ಪ್ರಶ್ನೆ ಉಳಿಯಿತು. ವರದಿಯ ನಮೂನೆಯಲ್ಲಿ ಅಲಂಕಾರಿಕ, ಸೊಪ್ಪು ಎಂದು ಎರಡೇ ಅಂಕಣಗಳಿದ್ದವು. ಹನ್ನೆರಡು ಗಂಟೆಗೆ ಹೊಸ ಪ್ರಕಟಣೆ ಅಂಟಿತು:

"ಹರಿವೆಯನ್ನು ಅಲಂಕಾರಿಕ ಗಿಡವೆಂದು ಘೋಷಿಸಲಾಗಿದೆ. ಸಾರ್ವಜನಿಕರು ಮುಟ್ಟಕೂಡದು. ಅಂದಗೊಳಿಸುವ ಕೆಲಸ ಲಿಂಗಮ್ಮನವರದು. ಕತ್ತರಿಸಿದ ತ್ಯಾಜ್ಯವನ್ನು ಹತ್ತಿರದ ಒಲೆಯಲ್ಲಿ ವಿಲೇವಾರಿ ಮಾಡತಕ್ಕದ್ದು. ಕ್ರೋಟನ್ ಅನ್ನು ಸೊಪ್ಪಿನ ತರಕಾರಿಯಾಗಿ ಶಾಲೆಯ ಅಡುಗೆಮನೆಗೆ ಹಸ್ತಾಂತರಿಸಲಾಗಿದೆ."

ಹತ್ತಿರದ ಒಲೆ ಶಾಲೆಯದೇ.

ಲಿಂಗಮ್ಮ ಓದಿಸಿಕೊಂಡು ಎದ್ದು ನಿಂತರು. "ಕ್ರೋಟನ್ ಬೇಯ್ಸಿ ಮಕ್ಕಳಿಗೆ ಹಾಕ್ಲಾ ಸಾರ್? ಹೊಟ್ಟೆ ಕೆಟ್ಟೋಗ್ತದೆ!"

"ಹಾಕಬೇಡಿ ಲಿಂಗಮ್ಮೋರೆ. ಇನ್ನೂ ಕೊಯ್ಲಿಗೆ ಬಂದಿಲ್ಲ ಅಂತ ತಿಂಗಳಿಗೊಂದು ಸಲ ಬರೆಸಿಕೊಡಿ."

"ಎಷ್ಟು ತಿಂಗಳು?"

"ಕೊಯ್ಲಿಗೆ ಬರೋವರೆಗೆ."

ಲಿಂಗಮ್ಮ ಒಂದು ಕ್ಷಣ ಯೋಚಿಸಿದರು. "ಅಷ್ಟೇ ಆದ್ರೆ ಸರಿ ಬುಡಿ."

ಪಿಡಿಒ ಪಾತಿಯ ಕೊನೆಯ ಖಾಲಿ ಜಾಗ ಕಂಡು ತಿರುಗಿದರು. "ತೋಟಪ್ಪ, ಸರ್ಕಾರಿ ಅಲಂಕಾರಿಕ ಗಿಡ ಆರು ಕಿತ್ತಿದ್ದೀಯಾ?"

ತೋಟಪ್ಪನ ಮುಖ ಇಳಿಯಿತು. "ನಾನು ಕೀಳೋವಾಗ ಅದು ಸೊಪ್ಪಾಗಿತ್ತು ಸಾರ್."

"ಜಾಗ ಖಾಲಿ ಇರಕೂಡದು. ಬಿತ್ತಿ ಲಿಂಗಮ್ಮೋರೆ."

"ಏನು ಬಿತ್ಲಿ ಸಾರ್?" ಅಂದರು ಲಿಂಗಮ್ಮ. ಅವರ ದನಿ ಮೊದಲ ಬಾರಿಗೆ ಸಣ್ಣದಾಯಿತು. "ಬೀಜ ಎಲ್ಲಿ ಉಳ್ದೈತೆ?"

ನಾನು ಕುರ್ಚಿಯಿಂದೆದ್ದು ಚೀಲದಿಂದ ಬೀಜದ ಗಂಟು ತೆಗೆದು ಬಿಚ್ಚಿದೆ. ಏಳು ವರ್ಷದ ಹಿಂದಿನ ಅದೇ ಬಟ್ಟೆ. ಲಿಂಗಮ್ಮ ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು ಬಿಸಿಲಿಗೆ ಹಿಡಿದರು. ಕಪ್ಪಗೆ ಮಿಂಚಿತು. "ನಮ್ದೇ ಕಣವ್ವ," ಅಂದರು.

ಅಳತೆಗೆ ಕೊಟ್ಟವರ ಹಿಡಿಯೇ ಆಗಬೇಕು. ನನ್ನ ಹಿಡಿ ಸಣ್ಣದು. ಅವರ ಒಂದು ಹಿಡಿ ಸೆರಗಿಗೆ ಬಿತ್ತು. ಎರಡನೆಯದು ತುಂಬಲು ಒಂದು ಚಿಟಿಕೆ ಕಮ್ಮಿಯಾಯಿತು. ಅವರು ಅಂಗೈ ಚಾಚಿಯೇ ಕಾದರು. ಬಟ್ಟೆಯ ಮೂಲೆ ಕೊಡವಿದೆ. ಹೊಲಿಗೆಯಲ್ಲಿ ಅಡಗಿದ್ದಷ್ಟೂ ಉದುರಿ ಹಿಡಿ ತುಂಬಿತು.

"ಸರಿಹೋಯ್ತು," ಅಂದರು ಲಿಂಗಮ್ಮ. ಇರುವೆ ಬೀಜ ಬಿಟ್ಟು ರವೆ ಹೊರಲಿ ಎಂದು ಶಾಲೆಯ ಅಡುಗೆಮನೆಯಿಂದ ತರಿಸಿದ ಎರಡು ಹಿಡಿ ರವೆ ಅದಕ್ಕೆ ಬೆರೆಸಿ, ಅಲಂಕಾರಿಕ ಪಾತಿಗೆ ಬೀಸಿ ಚೆಲ್ಲಿದರು. ತೋಟಪ್ಪ ಪೈಪು ಹಿಡಿದು ಸಿದ್ಧನಾಗಿ ನಿಂತಿದ್ದ. ಇರುವೆಗಳು ಆಗಲೇ ರವೆ ಹೊತ್ತು ಪಂಚಾಯಿತಿ ಮೆಟ್ಟಿಲು ಹತ್ತುತ್ತಿದ್ದವು. ನಾನು ಖಾಲಿ ಬಟ್ಟೆ ಮಡಚಿ ಅವರ ಕೈಗಿಟ್ಟೆ, ಅದೂ ಅವರದೇ.