ಸದ್ದು ಹಿಡಿಯುವವನ ಪಾಡು

ಬೇರೆಯವರಿಗೆ ವರ್ಷಕ್ಕೊಮ್ಮೆ ಎದೆ ಧಸಕ್ಕೆನ್ನುತ್ತದೆ. ನನಗೆ ವಾರಕ್ಕೆರಡು ಸಲ. ತಪ್ಪು ನನ್ನ ಕಸುಬಿನದು. ೧೯೮೦ರ ಆಸುಪಾಸಿನಲ್ಲಿ ಚಾಮರಾಜಪೇಟೆಯ ಮನೆಯಲ್ಲಿ ಕೂತು ಪೊರಕೆ, ಪಾತ್ರೆ, ಕುಕ್ಕರುಗಳ ಸದ್ದನ್ನು ಟೇಪಿಗೆ ಹಿಡಿದು, ಕತ್ತರಿಸಿ, ಜೋಡಿಸಿ, ಇದೇ ಸಂಗೀತ ಎನ್ನುತ್ತಿದ್ದೆ. ಅದು ಸಾಲದೆಂದು ಚಿತ್ರ ಬೇರೆ ಬರೆಯುತ್ತಿದ್ದೆ. ಅಪ್ಪ ಒಂದೇ ಮಾತು ಹೇಳಿದ್ದರು: "ಒಂದ್ಸಲ ಬಂದು ಕೇಳ್ತೀನಿ. ಸಂಗೀತ ಅನ್ನಿಸ್ಲಿಲ್ಲ ಅಂದ್ರೆ ಮಾರನೇ ದಿನದಿಂದ ಕಾಟನ್‌ಪೇಟೇಲಿ ನಿಮ್ಮ ಮಾವನ ಅಂಗಡೀಲಿ ಬಟ್ಟೆ ಅಳೀತಾ ಕೂತ್ಕೋ."

೧. ಅಜ್ಜಿಯ ಕೈವಾಡ

ಪ್ರದರ್ಶನಕ್ಕೆಂದು ದೊಡ್ಡ ಕ್ಯಾನ್ವಾಸಿನ ತುಂಬ ಕಡುನೀಲಿ ಬಳಿದು, ತಾರಸಿಯ ಬಿಸಿಲಿಗೆ ಹಾಸಿ ಕಾಫಿಗೆ ಇಳಿದೆ. ಮಾತಿನಲ್ಲಿ ಹೊತ್ತು ಹೋಗಿದ್ದು ಗೊತ್ತಾಗಲಿಲ್ಲ. ಮೇಲೆ ಬಂದು ನೋಡುತ್ತೇನೆ, ಅಜ್ಜಿ ಅದರ ಉದ್ದಗಲಕ್ಕೂ ಸಂಡಿಗೆ ಇಟ್ಟು ಮುಗಿಸಿದ್ದಾಳೆ! "ಒಳ್ಳೇ ಬಟ್ಟೆ ಸುಮ್ನೆ ಬಿದ್ದಿತ್ತಲ್ಲೋ," ಎಂದಳು.

ಕಿತ್ತರೆ ಬಣ್ಣವೂ ಏಳುತ್ತಿತ್ತು. ವಿಧಿಯಿಲ್ಲದೆ ಹಾಗೇ ತೂಗುಹಾಕಿದೆ. ದೊಡ್ಡ ವಿದ್ವಾಂಸರೊಬ್ಬರು ಅದರ ಮುಂದೆ ಕಾಲು ಗಂಟೆ ನಿಂತು, ಕನ್ನಡಕ ಒರೆಸಿಕೊಂಡು, "ಈ ಬಿಳಿ ಚುಕ್ಕೆಗಳಲ್ಲಿ ಏನೋ ಒಂದು ಹಸಿವಿದೆ," ಎಂದರು.

ಪಕ್ಕದಲ್ಲೇ ಇದ್ದ ಅಜ್ಜಿ ಮರುಗಿದಳು. "ಅಯ್ಯೋ, ಕರ್ದು ಕೊಡ್ತಿದ್ದೆ ಕಣಪ್ಪಾ. ನೀಲಿ ಹತ್ಬಿಟ್ಟಿದೆ ನೋಡು."

೨. ಗಾಂಧಿ ಬಜಾರಿನ ಮೌನ

ಹೂವಿನವರ ಕೂಗು ಬೇಕೆಂದು ಟೇಪ್ ರೆಕಾರ್ಡರನ್ನು ಹೆಗಲಿಗೆ ಹಾಕಿಕೊಂಡು ಗಾಂಧಿ ಬಜಾರಿಗೆ ಹೋದೆ. ಕಿವಿ ಕಿತ್ತುಹೋಗುವಷ್ಟು ಗದ್ದಲ. ಸಂತೋಷದಿಂದ ಮೈಕು ಚಾಚಿದೆ.

"ಶ್! ರೇಡಿಯೋದವ್ರು ಬಂದವ್ರೆ, ಸುಮ್ಕಿರ್ರಿ ಎಲ್ಲಾ!" ಎಂದು ಒಬ್ಬ ಹೂವಿನವಳು ಗದರಿದಳು. ಇಡೀ ಸಾಲು ತೆಪ್ಪಗಾಯಿತು. ಅಂಥ ನಿಶ್ಶಬ್ದವನ್ನು ನಾನು ಗ್ರಂಥಾಲಯದಲ್ಲೂ ಕೇಳಿಲ್ಲ.

"ದಿನಾ ಕೂಗೋ ಹಾಗೇ ಕೂಗಮ್ಮಾ," ಎಂದು ಬೇಡಿಕೊಂಡೆ. ಅವಳು ಸೆರಗು ಸರಿಮಾಡಿಕೊಂಡು, ಕೆಮ್ಮಿ, "ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಮಲ್ಲಿಗೆ ಹೂವುಗಳು ದೊರೆಯುತ್ತವೆ," ಎಂದಳು. ಆಮೇಲೆ ಮೆಲ್ಲಗೆ, "ಯಾವತ್ತು ಬರ್ತದೆ ಸಾ ಇದು? ಮತ್ತಿಕೆರೇಲಿ ನನ್ನ ತಂಗಿ ಅವ್ಳೆ, ಮಾತು ಬಿಟ್ಟು ಎರಡು ವರ್ಸ ಆಯ್ತು. ಅವಳು ಕೇಳ್ಬೇಕು, ಹೊಟ್ಟೆ ಉರ್ಕೋಬೇಕು!"

೩. ಮುಂದಿನ ಸಾಲು

ಬಸವನಗುಡಿಯ ಒಂದು ಸಣ್ಣ ಸಭಾಂಗಣದಲ್ಲಿ ನನ್ನ ಸಂಗೀತ ಕಚೇರಿ. ಅವತ್ತಿನ ಕೃತಿ 'ನಮ್ಮ ಮನೆಯ ಮುಂಜಾವು'. ಟೇಪು ಓಡತೊಡಗಿ ಎರಡು ನಿಮಿಷವಾಗಿರಬಹುದು. ಬಾಗಿಲು ತೆರೆಯಿತು. ಇಸ್ತ್ರಿ ಪಂಚೆ, ಕೋಟು ತೊಟ್ಟ ಅಪ್ಪ ಒಳಗೆ ಬಂದು ನೆಟ್ಟಗೆ ಮುಂದಿನ ಸಾಲಿನಲ್ಲಿ ಕೂತರು. ಒಂದು ಮಾತು ಮುಂಚಿತವಾಗಿ ಹೇಳಬಾರದಿತ್ತೇ!

ಟೇಪಿನಲ್ಲಿ ಪೊರಕೆ ಆಯಿತು, ಬಕೆಟ್ಟಿಗೆ ನೀರು ಬಿದ್ದಾಯಿತು, ಇನ್ನು ಬರಬೇಕಾದದ್ದು ಅಪ್ಪನೇ. ಅವರು ಬೆಳಿಗ್ಗೆ ನಾಲಿಗೆ ಉಜ್ಜುವ ಸದ್ದಿಗೆ ನಮ್ಮ ಬೀದಿಯೇ ಏಳುತ್ತಿತ್ತು. ಅದನ್ನು ಬಚ್ಚಲ ಕಿಟಕಿಯಿಂದ ಕದ್ದು ಹಿಡಿದಿದ್ದೆ. ಸಾಲದ್ದಕ್ಕೆ ಮೂರು ಪಟ್ಟು ಮಾಡಿ ಒಂದರ ಮೇಲೊಂದು ಕೂರಿಸಿದ್ದೆ.

"ಖ್ಯಾ... ವ್ಯಾ... ಆಕ್... ಥೂ!"

ಎರಡು ಆಳೆತ್ತರದ ಸ್ಪೀಕರುಗಳಿಂದ ಮೂವರು ಅಪ್ಪಂದಿರು ಒಟ್ಟಿಗೆ ನಾಲಿಗೆ ಉಜ್ಜಿದರು. ಅಪ್ಪನ ಮುಖ ಕಲ್ಲಾಯಿತು. ಜನ ಬೆಚ್ಚಿಬಿದ್ದು, ನಕ್ಕು, ಕೊನೆಗೆ ಎದ್ದುನಿಂತು ಚಪ್ಪಾಳೆ ತಟ್ಟಿದರು. ನಾನು ಮಾತ್ರ ಮನಸ್ಸಿನಲ್ಲೇ ಕಾಟನ್‌ಪೇಟೆ ಸೇರಿ ಬಟ್ಟೆ ಅಳೆಯುತ್ತಿದ್ದೆ.

ಅಪ್ಪ ನಿಧಾನವಾಗಿ ವೇದಿಕೆಯ ಹತ್ತಿರ ಬಂದರು. "ಮೂವತ್ತು ವರ್ಷ ಗುಮಾಸ್ತನಾಗಿ ಸವೆದೆ. ರಿಟೈರಾದ ದಿನ ಕೂಡ ಇಷ್ಟು ಚಪ್ಪಾಳೆ ಬೀಳ್ಲಿಲ್ಲ," ಎಂದರು. ಅವರ ದನಿ ಒಡೆದಿತ್ತು. ನನಗೂ ಅಳು ಬಂತು.

"ಹಾಗಾದ್ರೆ ಅಪ್ಪಾ, ಮಾವನ ಅಂಗಡಿ...?"

"ಅಂಗಡಿ ಹಾಳಾಗ್ಲಿ! ಮುಂದಿನ್ಸಲ ಮೊದ್ಲೇ ಹೇಳು. ಹೋಗಿ ಹೋಗಿ ನೆಗಡಿಯಾದ ದಿನ ಹಿಡಿದಿದೀಯಲ್ಲೋ, ನನ್ನ ಗಂಟಲು ಇದಕ್ಕಿಂತ ಎಷ್ಟೋ ಚೆನ್ನಾಗಿದೆ!"